ಲೂ ಅಮ್ಮನ ಮೊದಲು-ಆಮೇಲೆ

ಲುವೀನಿಯಾ ಯಾರಿಗೂ ಹೆದರುವ ಹೆಂಗಸಲ್ಲ. ಅಟ್ಲಾಂಟಾದ ರಸ್ತೆಗಳಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಅಡ್ಡ ಬಂದ ಲಾರಿಯವರಿಗೆ ಕಿಟಕಿಯಿಂದ ಬಗ್ಗಿ ನೀರಿಳಿಸಿದವಳು. ಚರ್ಚಿನಲ್ಲಿ ಪ್ರವಚನ ಉದ್ದವಾದರೆ ಪಾದ್ರಿಗೇ ಕಾಣುವಂತೆ ಕೈಗಡಿಯಾರ ನೋಡಿಕೊಳ್ಳುವವಳು. ಇಂಥ ಗಟ್ಟಿಗಿತ್ತಿ ತಲೆಯ ಮೇಲೆ ವಿಗ್ ಇಲ್ಲದೆ ಅಂಗಳದ ಅಂಚೆಪೆಟ್ಟಿಗೆಯ ತನಕ ಕೂಡ ಹೋದವಳಲ್ಲ. ಬದುಕಿದ್ದಾಗ ಅಪ್ಪನಿಗಾದರೂ ನಿನ್ನ ನಿಜವಾದ ತಲೆ ಕಂಡಿತ್ತೋ ಇಲ್ಲವೋ ಎಂದು ಮಗಳು ರೆನಿಟಾ ರೇಗಿಸುತ್ತಿದ್ದಳು. ಕಂಡಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ ಎಂದು ತಾಯಿ ಉತ್ತರ ಕೊಡುತ್ತಿದ್ದಳು.

ರೆನಿಟಾಳ ಕಸುಬು ಇದಕ್ಕೆ ಪೂರ್ತಿ ತಿರುಗುಮುರುಗು. ವಾರವೆಲ್ಲ ಅವಳು ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ನೋವಿನಿಂದ ದವಡೆ ಹಿಡಿದು ಬಂದವರ ಬೈಗುಳ ಕೇಳಿಸಿಕೊಳ್ಳುತ್ತಾಳೆ. ಶನಿವಾರ ಬಂತೆಂದರೆ ಅಟ್ಲಾಂಟಾದ ಪಕ್ಕದ ಈಸ್ಟ್ ಪಾಯಿಂಟ್‌ನಲ್ಲಿರುವ ತಾಯಿಯ ಮನೆಗೆ ಹೋಗಿ ಅಡುಗೆಮನೆಯ ಸಿಂಕಿನಲ್ಲಿ ತಲೆ ತೊಳೆದುಕೊಳ್ಳುತ್ತಾಳೆ, ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಊರಿಗೆಲ್ಲ ತೋರಿಸುತ್ತಾಳೆ. ತಲೆ ತೊಳೆಯುವುದರಲ್ಲಿ ತೋರಿಸುವಂಥದ್ದೇನಿದೆ ಎಂದು ಕೇಳುವವರು ಈ ಕೇರಿಯ ಶನಿವಾರವನ್ನು ಕಂಡಿಲ್ಲ. ಇಲ್ಲಿಯ ಕಪ್ಪು ಹೆಂಗಸರ ಗುಂಗುರು ಕೂದಲಿಗೆ ಅದು ಒಂದು ದಿನದ ದುಡಿಮೆ. ಸಿಕ್ಕು ಬಿಡಿಸಿ, ತೊಳೆದು, ಕ್ರೀಮು ಹಚ್ಚಿ, ಎಳೆ ಎಳೆಯಾಗಿ ಸುರುಳಿ ಕೂರಿಸಿ ಒಣಗಿಸುವಷ್ಟರಲ್ಲಿ ಒಲೆಯ ಮೇಲಿನ ಹುರುಳಿಕಾಯಿ ಬೆಂದು, ತಣ್ಣಗಾಗಿ, ಮತ್ತೆ ಬಿಸಿಯಾಗಿರುತ್ತದೆ.

ಅವಳ ಚಾನೆಲ್ಲಿಗೆ ನೋಡುಗರು ಬೇಕಾದಷ್ಟಿದ್ದರು. ಸತ್ಯ ಹೇಳಬೇಕೆಂದರೆ ಅರ್ಧ ಜನ ಬರುತ್ತಿದ್ದುದು ಕೂದಲು ನೋಡಲು ಅಲ್ಲ, ಲುವೀನಿಯಾಳ ಬಾಯಿ ಕೇಳಲು. ಅವಳು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತ ಟೀಕೆ ಮಾಡುತ್ತಿದ್ದಳು. ನಲ್ಲಿ ನಿಲ್ಲಿಸು, ಆ ನೀರು ನಿನ್ನ ಡಾಕ್ಟರಪ್ಪನದಲ್ಲ ಎನ್ನುವಳು. ಇಷ್ಟು ಕ್ರೀಮಿನಲ್ಲಿ ನಾನು ಒಂದು ಕೇಕ್ ಮಾಡುತ್ತಿದ್ದೆ ಎನ್ನುವಳು. ನೋಡುಗರು ಅವಳಿಗೆ ಲೂ ಅಮ್ಮ ಎಂದು ಹೆಸರಿಟ್ಟರು. ಮುಖ ಕಾಣದೆಯೇ ಹೆಸರಾದ ಹೆಂಗಸು ಈ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು.

ಆದರೆ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಕಂಪನಿಗಳಿಗೆ ರೆನಿಟಾಳ ನೆನಪಾಗುತ್ತಿದ್ದುದು ಫೆಬ್ರವರಿಯಲ್ಲಿ ಮಾತ್ರ. ಅದು ಕಪ್ಪು ಜನರ ಚರಿತ್ರೆಯ ತಿಂಗಳು. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸಿ ಒರೆಸಿ ಮತ್ತೆ ಮೇಲಿಡುವ ಹಿತ್ತಾಳೆ ಪಾತ್ರೆಯ ಹಾಗೆ ಇಂಥ ಹೆಂಗಸರನ್ನೆಲ್ಲ ಆಗ ಹೊರಗೆ ತೆಗೆಯುತ್ತಾರೆ. ಮಾರ್ಚಿ ಬಂತೋ, ಫೋನೂ ಇಲ್ಲ, ಮಾತೂ ಇಲ್ಲ. ಅವಳಿಗಿಂತ ಕಡಿಮೆ ನೋಡುಗರಿದ್ದ ಹೊಂಬಣ್ಣದ ಕೂದಲಿನ ಹುಡುಗಿಯರಿಗೆ ವರ್ಷವಿಡೀ ಕೆಲಸ ಸಿಗುತ್ತಿತ್ತು, ಅದೂ ದುಪ್ಪಟ್ಟು ಸಂಭಾವನೆಗೆ. ಇದು ರೆನಿಟಾಳಿಗೆ ಗೊತ್ತಾದದ್ದು ಗೆಳತಿ ಟೊನೆಟ್‌ಳಿಂದ. ಟೊನೆಟ್‌ಳದು ತುಟಿಬಣ್ಣ, ಕಣ್ಕಪ್ಪಿನ ಚಾನೆಲ್. ಹೀಗೆ ವಿಡಿಯೊ ಮಾಡುವ ಊರಿನ ಕಪ್ಪು ಹೆಂಗಸರೆಲ್ಲ ಸೇರಿ ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದರು: ಯಾವ ಕಂಪನಿ ಯಾರನ್ನು ಕರೆದರೂ, ಏನು ಹೇಳಿತು, ಎಷ್ಟು ಕೊಡುತ್ತೇನೆಂದಿತು, ಉಳಿದವರಿಗೆ ಹೇಳಲೇಬೇಕು. ಮುಚ್ಚಿಟ್ಟರೆ ಒಬ್ಬಳ ಜುಟ್ಟು ಹಿಡಿದು ಇನ್ನೊಬ್ಬಳನ್ನು ಬಗ್ಗಿಸುತ್ತಾರೆ ಎಂಬುದು ಅವರು ಪೆಟ್ಟು ತಿಂದು ಕಲಿತ ಪಾಠ.

ಅಂಥದ್ದರಲ್ಲಿ ಜುಲೈ ತಿಂಗಳ ನಡುವಿನಲ್ಲಿ, ಯಾವ ಹಬ್ಬವೂ ಇಲ್ಲದಾಗ, ಉತ್ತರದ ಹಿಮದ ಊರಿನ ಒಂದು ಕೇಶಕ್ರೀಮಿನ ಕಂಪನಿಯಿಂದ ಮೆರೆಡಿತ್ ಎಂಬುವಳು ಫೋನ್ ಮಾಡಿದಳು. ವಯಸ್ಸಾದ ಹೆಂಗಸರು, ಅವರ ಸ್ವಂತ ಕೂದಲು, ಇದು ಅವರ ಈ ವರ್ಷದ ವಿಷಯವಂತೆ. ತಾಯಿ ಮಗಳು ಇಬ್ಬರೂ ಬೇಕಂತೆ. ಮೊದಲ ವಿಡಿಯೊ ಒಪ್ಪಿಗೆಯಾದರೆ ಇಡೀ ವರ್ಷದ ಕರಾರು. ರೆನಿಟಾ ಮನಸ್ಸಿನಲ್ಲೇ ಹಲ್ಲಿನ ಡಾಕ್ಟರಿಗೆ ರಾಜೀನಾಮೆ ಬರೆದುಬಿಟ್ಟಳು. ಒಂದೇ ತೊಡಕು. ಲೂ ಅಮ್ಮನ ಬಾಯಿ ಸಾಲದು, ತಲೆಯೂ ಕಾಣಬೇಕು.

ಲುವೀನಿಯಾ ಬೇಡವೆಂದಳು, ಸಾಯುವ ತನಕ ಬೇಡವೆಂದಳು, ಸತ್ತ ಮೇಲೂ ಪೆಟ್ಟಿಗೆಯಲ್ಲಿ ವಿಗ್ ಹಾಕಿಯೇ ಮಲಗಿಸಬೇಕೆಂದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಹುಡುಗಿಯಾಗಿದ್ದಾಗ ಪ್ರತಿ ಶನಿವಾರ ಅವಳ ತಾಯಿ ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಅವಳ ಸುರುಳಿಗಳನ್ನು ಎಳೆದು ನೆಟ್ಟಗೆ ಮಾಡುತ್ತಿದ್ದಳು. ಆ ಬಿಸಿ ತಗುಲಿದ ಗುರುತು ಕಿವಿಯ ತುದಿಯಲ್ಲಿ ಇವತ್ತಿಗೂ ಇದೆ. ಬಸ್ಸಿನ ಕೆಲಸಕ್ಕೆ ಸೇರಿದಾಗ ಮೇಲಧಿಕಾರಿ ತಲೆ ಅಚ್ಚುಕಟ್ಟಾಗಿರಲಿ ಎಂದಿದ್ದ. ಅಚ್ಚುಕಟ್ಟು ಎಂದರೇನೆಂದು ಅವನೂ ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಅವಳು ಒಪ್ಪಿದ್ದು ಮಗಳ ಮುಖ ನೋಡಿ. ಒಂದು ಸಂಜೆ ರೆನಿಟಾ ಕ್ಲಿನಿಕ್ಕಿನಿಂದ ನೇರವಾಗಿ ಬಂದು, ಚೀಲ ಕೂಡ ಇಳಿಸದೆ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಎಚ್ಚರವಾದಾಗ ತಾಯಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಾಡುತ್ತೇನೆ, ಆದರೆ ಒಂದು ಷರತ್ತು, ಮೊದಲು ನನ್ನನ್ನು ಒಮ್ಮೆಯಾದರೂ ಮರ್ಯಾದಸ್ಥಳ ಹಾಗೆ ತೋರಿಸಿ, ಆಮೇಲೆ ನಿನಗೆ ಬೇಕಾದ್ದು ಮಾಡಿಕೋ ಎಂದಳು. ಮರ್ಯಾದೆ ಎಂದರೆ ಕೂದಲನ್ನು ಬಿಸಿಗಾಳಿಯಲ್ಲಿ ಎಳೆದು ನೆಟ್ಟಗೆ ಮಾಡಿ ತೋರಿಸುವುದು. ಅದಕ್ಕೇನಂತೆ, ಮೊದಲು ಮತ್ತು ಆಮೇಲೆ ಎಂದು ಎರಡೂ ಬೇಕೆಂದು ಕಂಪನಿಯವರೇ ಕೇಳಿದ್ದಾರೆ ಎಂದು ರೆನಿಟಾ ಒಪ್ಪಿಕೊಂಡಳು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಆ ಶನಿವಾರ ಲುವೀನಿಯಾ ಅಡುಗೆಮನೆಯ ಕುರ್ಚಿಯಲ್ಲಿ, ಭುಜದ ತನಕ ನೆಟ್ಟಗೆ ಇಳಿಬಿದ್ದ ಬಿಳಿ ಕೂದಲಿನಲ್ಲಿ, ಪೊಲೀಸ್ ಠಾಣೆಗೆ ಕರೆಸಿದವಳಂತೆ ಬಿಗಿದುಕೊಂಡು ಕೂತಳು. ನಗು ಅಂದರೆ ನಗಲಿಲ್ಲ. ಆಮೇಲೆ ರೆನಿಟಾ ಅವಳ ತಲೆಯನ್ನು ಸಿಂಕಿಗೆ ಬಗ್ಗಿಸಿ ತೊಳೆದಳು. ನೀರು ತಾಗಿದ್ದೇ ತಡ, ಕೂದಲು ತನ್ನ ಪಾಡಿಗೆ ತಾನು ಮಡಚಿಕೊಂಡು ಮೇಲೇರಿತು. ಆ ಕೂದಲಿನ ಸ್ವಭಾವವೇ ಹಾಗೆ. ಒಣಗಿಸಿ ಎಳೆದರೆ ಭುಜಕ್ಕೆ ಬರುತ್ತದೆ, ನೀರು ಕುಡಿಸಿ ಬಿಟ್ಟರೆ ಕಿವಿಯ ಮೇಲೆ ಹೋಗಿ ಕೂರುತ್ತದೆ. ಚೆನ್ನಾಗಿ ಹಸಿ ಹಿಡಿದ, ಆರೋಗ್ಯದ ಕೂದಲು ಇನ್ನೂ ಹೆಚ್ಚು ಮೇಲೇರುತ್ತದೆ. ಈ ಕೇರಿಯ ಆರು ವರ್ಷದ ಹುಡುಗಿಗೂ ಇದು ಗೊತ್ತು. ಕ್ರೀಮು ಹಚ್ಚಿ ಜಗುಲಿಯ ಬಿಸಿಲಿನಲ್ಲಿ ಕೂರಿಸಿದರೆ, ಮಧ್ಯಾಹ್ನದ ಹೊತ್ತಿಗೆ ಲುವೀನಿಯಾಳ ತಲೆಯ ಸುತ್ತ ಬೆಳ್ಳಗೆ, ದಟ್ಟವಾಗಿ, ಸಣ್ಣ ಸಣ್ಣ ಸುರುಳಿಗಳು ಅರಳಿ ನಿಂತಿದ್ದವು.

ರೆನಿಟಾ ಕನ್ನಡಿ ಕೈಗೆ ಕೊಟ್ಟಳು. ಲುವೀನಿಯಾ ಬಹಳ ಹೊತ್ತು ನೋಡಿದಳು.

"ಅಯ್ಯೋ, ಇದು ನಮ್ಮಪ್ಪನ ತಲೆ ಕಣೇ," ಎಂದಳು. "ಹಾಗೇ ಇದೆ. ಅವನೇ ಎದುರಿಗೆ ಬಂದು ಕೂತ ಹಾಗಿದೆ."

ಕ್ಯಾಮೆರಾ ಇರುವುದು ಅವಳಿಗೆ ಮರೆತೇಹೋಗಿತ್ತು. ಆಮೇಲೆ ನೆನಪಾಗಿ, ಸಾಕು ಮಾಡು, ಮೀನು ಹುರಿಯಬೇಕು ಎಂದು ಎದ್ದು ಹೋದಳು. ಮೀನಿಗೆ ಹಿಟ್ಟು ತರಲು ಅಂಗಡಿಗೆ ಹೊರಟಾಗ ವಿಗ್ ಮತ್ತೆ ತಲೆ ಏರಿತ್ತು. ತನ್ನ ವಿಡಿಯೊವನ್ನು ತಾನು ನೋಡುವುದಿಲ್ಲ ಎಂದು ಅವಳು ಖಂಡಿತವಾಗಿ ಹೇಳಿಬಿಟ್ಟಳು. ತನ್ನ ತಲೆ ತಾನು ನೋಡಿ ಆಗಿದೆಯಂತೆ.

ಮುಂದಿನ ವಾರ ಮೆರೆಡಿತ್ ಫೋನ್ ಮಾಡಿದಾಗ ರೆನಿಟಾ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಮೆರೆಡಿತ್ ಒಳ್ಳೆಯ ಹೆಂಗಸು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವಳು. ತಾಯಿ ಅದ್ಭುತ, ಅಡುಗೆಮನೆ ಅದ್ಭುತ, ಎಲ್ಲವೂ ಅದ್ಭುತ. ಒಂದು ಸಣ್ಣ ವಿಷಯ ಮಾತ್ರ. ಕ್ರೀಮು ಹಚ್ಚಿದ ಮೇಲೆ ತಾಯಿಯ ಕೂದಲು ಕಡಿಮೆಯಾದಂತೆ ಕಾಣುತ್ತದೆ ಎಂದು ಅವರ ಕಚೇರಿಯಲ್ಲಿ ನೋಡಿದವರೆಲ್ಲ ಹೇಳುತ್ತಿದ್ದಾರಂತೆ. ಆದ್ದರಿಂದ ಹಿಂದು ಮುಂದು ಮಾಡಿದರೆ ಹೇಗೆ? ಸುರುಳಿಯ ತಲೆ ಮೊದಲು, ನೆಟ್ಟಗಿನ ತಲೆ ಆಮೇಲೆ. ಅವರೇ ಹಾಗೆ ಕತ್ತರಿಸಿ ಜೋಡಿಸಿ ಒಂದು ಪ್ರತಿ ಕಳಿಸಿದ್ದಾರೆ, ಬಹಳ ಚೆನ್ನಾಗಿ ಬಂದಿದೆ.

ರೆನಿಟಾ ಒಂದು ಕ್ಷಣ ಇದು ತಮಾಷೆಯೆಂದೇ ತಿಳಿದಳು. ಆಮೇಲೆ ನೀರು, ಸುರುಳಿ, ಆರೋಗ್ಯ ಎಲ್ಲವನ್ನೂ ವಿವರಿಸಿದಳು. ಮೆರೆಡಿತ್ ಎಲ್ಲದಕ್ಕೂ ಹೌದು ಹೌದು ಎಂದಳು, ನೀವು ಹೇಳುವುದು ನೂರಕ್ಕೆ ನೂರು ನಿಜ ಎಂದಳು. ಆದರೆ ನೋಡುವವರಿಗೆ ಇಷ್ಟೆಲ್ಲ ಗೊತ್ತಿರುವುದಿಲ್ಲವಲ್ಲ, ಗುರುವಾರದೊಳಗೆ ಒಪ್ಪಿಗೆ ಬಂದರೆ ಕರಾರು ಕಳಿಸುತ್ತೇವೆ ಎಂದಳು. ಬರದಿದ್ದರೆ ಎಂದು ರೆನಿಟಾ ಕೇಳಿದಳು. ಬರದಿದ್ದರೆ ಇನ್ನೊಂದು ಜೋಡಿಯನ್ನು ನೋಡಿಕೊಂಡಿದ್ದಾರಂತೆ. ಇದನ್ನೂ ಮೆರೆಡಿತ್ ಬಹಳ ಮೃದುವಾಗಿಯೇ ಹೇಳಿದಳು.

ನಿಮ್ಮ ಕ್ರೀಮನ್ನು ನೀವೇ ಹಚ್ಚಿಕೊಳ್ಳಿ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯೋಚಿಸುತ್ತೇನೆ ಎಂದು ಫೋನ್ ಇಟ್ಟಳು. ಒಂದು ವರ್ಷದ ಕೆಲಸ ಅದು. ಆ ಮೇಜು, ಆ ದವಡೆಗಳು, ಆ ಬೈಗುಳ ಇಲ್ಲದ ಒಂದು ವರ್ಷ. ಹಿಂದು ಮುಂದು ಮಾಡಿದರೆ ಯಾರು ಸಾಯುತ್ತಾರೆ ಎಂದು ತನಗೆ ತಾನೇ ಕೇಳಿಕೊಂಡಳು. ಮೊದಲು ಎಂದರೆ ರೋಗ, ಆಮೇಲೆ ಎಂದರೆ ವಾಸಿ. ಜಾಹೀರಾತಿನ ಲೋಕದಲ್ಲಿ ಅದಕ್ಕೆ ಬೇರೆ ಅರ್ಥವಿಲ್ಲ. ಎಪ್ಪತ್ತು ವರ್ಷಕ್ಕೆ ಮೊದಲ ಸಲ ಹೊರಗೆ ಬಂದ ಅಮ್ಮನ ತಲೆಯನ್ನು ರೋಗದ ಕಡೆ ಕೂರಿಸುವುದೋ ಬೇಡವೋ ಎಂಬುದಷ್ಟೇ ಪ್ರಶ್ನೆ. ಡಬ್ಬಿಯ ಊಟ ಹಾಗೇ ಉಳಿಯಿತು. ನಿಯಮದಂತೆ ನಡೆದದ್ದನ್ನೆಲ್ಲ ಟೊನೆಟ್‌ಳಿಗೆ ಬರೆದು ಕಳಿಸಿದಳು.

ಆ ಇನ್ನೊಂದು ಜೋಡಿ ಯಾವುದೆಂದು ಅದೇ ಸಂಜೆ ತಿಳಿಯಿತು. ಟೊನೆಟ್ ಮುನ್ಸೂಚನೆಯಿಲ್ಲದೆ ಪೀಚ್ ಹಣ್ಣಿನ ಚೀಲ ಹಿಡಿದು ಬಂದು ರೆನಿಟಾಳ ಮನೆಯ ಮೆಟ್ಟಿಲ ಮೇಲೆ ಕೂತಳು. ಬರಿಗೈಯಲ್ಲಿ ಬರುವಂಥ ಸುದ್ದಿಯಲ್ಲವೆಂದು ಅವಳಿಗೂ ಅನ್ನಿಸಿರಬೇಕು.

"ಆ ಕ್ರೀಮಿನವರು ನನ್ನನ್ನ ಕೇಳಿದಾರೆ," ಎಂದಳು. "ನಾನು, ನಮ್ಮ ಪರ್ಲೀನ್ ಅತ್ತೆ. ಅತ್ತೆ ಕೂದಲಿನ ಸುರುಳಿ ಸ್ವಲ್ಪ ಸಡಿಲ ಅಲ್ವಾ, ಅದು ಎಲ್ಲರಿಗೂ ಹತ್ತಿರ ಅನ್ಸುತ್ತಂತೆ."

ರೆನಿಟಾಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಟೊನೆಟ್‌ಳ ಮೇಲಲ್ಲ ಎಂದು ಹೇಳಿಕೊಂಡಳು, ಆದರೆ ಟೊನೆಟ್‌ಳ ಮೇಲೂ ಸ್ವಲ್ಪ ಬಿದ್ದಿತ್ತು. ಆ ಹೆಂಗಸಿನ ಅತ್ತೆಗೆ ಸಡಿಲ ಸುರುಳಿ ಬೇರೆ ಕೊಟ್ಟಿದ್ದಾನೆ ದೇವರು.

"ನೀನೇನಂದೆ?"

"ಏನೂ ಅಂದಿಲ್ಲ. ನಿಂಗೆ ಹೇಳದೆ ಏನಂತ ಅನ್ಲಿ? ನೀನು ಬಿಟ್ಟರೆ ತಗೋತೀನಿ, ನೀನು ಹಿಡ್ಕೊಂಡ್ರೆ ಬಿಡ್ತೀನಿ. ಆದ್ರೆ ನಾನು ತಗೊಂಡ್ರೂ ಅತ್ತೆ ತಲೆನ ಉಲ್ಟಾ ತೋರ್ಸಲ್ಲ. ಅವಳು ನನ್ನ ಕಾಲು ಮುರೀತಾಳೆ."

ರೆನಿಟಾಳಿಗೆ ನಗು ಬಂದುಬಿಟ್ಟಿತು. ಇಬ್ಬರೂ ಕೂತು ಪೀಚ್ ತಿಂದರು, ರಸ ಮೊಣಕೈ ತನಕ ಇಳಿಯಿತು. ಏನು ಮಾಡಬೇಕೆಂದು ಟೊನೆಟ್ ಹೇಳಲಿಲ್ಲ. ಅಮ್ಮನಿಗೆ ಇದು ಗೊತ್ತಾಗಬಾರದು ಎಂದು ಮಾತ್ರ ರೆನಿಟಾ ಅವಳಿಂದ ಭಾಷೆ ತೆಗೆದುಕೊಂಡಳು.

ಭಾಷೆಯನ್ನು ಟೊನೆಟ್ ಉಳಿಸಿಕೊಂಡಳು. ಆದರೆ ಪರ್ಲೀನ್ ಅತ್ತೆಯಿಂದ ಯಾರೂ ಭಾಷೆ ತೆಗೆದುಕೊಂಡಿರಲಿಲ್ಲ. ಅವಳೂ ಲುವೀನಿಯಾಳೂ ಒಂದೇ ಚರ್ಚು, ಒಂದೇ ಬೆಂಚು. ಬುಧವಾರ ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾಗ ಸುದ್ದಿ ಈ ಕಿವಿಯಿಂದ ಆ ಕಿವಿಗೆ ದಾಟಿತು. ದೇವರ ಮುಂದೆ ಸುಳ್ಳು ಹೇಳಬಾರದಲ್ಲ ಎಂದು ಪರ್ಲೀನ್ ಆಮೇಲೆ ಸಮಜಾಯಿಷಿ ಕೊಟ್ಟಳಂತೆ.

ಗುರುವಾರ ಕ್ಲಿನಿಕ್ ಮುಗಿಸಿ ರೆನಿಟಾ ತಾಯಿಯ ಮನೆಗೆ ಬಂದಾಗ ಲುವೀನಿಯಾ ಊಟದ ಮೇಜಿನ ಮುಂದೆ, ತಣ್ಣನೆಯ ಚಹಾದ ಲೋಟಕ್ಕೆ ಮಂಜುಗಡ್ಡೆ ಹಾಕುತ್ತಿದ್ದಳು. ವಿಗ್ ನೆಟ್ಟಗಿತ್ತು, ಮುಖ ಶಾಂತವಾಗಿತ್ತು. ಕೂತುಕೋ ಎಂದಳು.

"ಇಷ್ಟಕ್ಕೆ ಯಾಕೆ ಒದ್ದಾಡ್ತಿದೀಯ? ಅವರು ಹೇಳಿದ ಹಾಗೆ ಹಾಕ್ಲಿ ಬಿಡು."

"ಅಮ್ಮಾ, ಅವರು ನಿನ್ನ ತಲೆನ..."

"ನನ್ನ ತಲೆ ನಂಗೆ ಗೊತ್ತಿಲ್ವಾ? ಅವರೇನು ತಪ್ಪು ಹೇಳಿದಾರೆ? ಅದೇ ಸರಿಯಾದ ಕ್ರಮ ಕಣೇ. ಮೊದ್ಲು ಅದು, ಆಮೇಲೆ ಇದು. ನಾನು ಹುಟ್ಟಿದಾಗಿಂದ ಅದೇ ಕ್ರಮ."

ಕೋಪದಿಂದ ಹೇಳಿದ್ದರೆ ರೆನಿಟಾ ಜಗಳವಾಡುತ್ತಿದ್ದಳು. ಬೇಸರದಿಂದ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದಳು. ಲುವೀನಿಯಾ ಬಸ್ಸಿನ ವೇಳಾಪಟ್ಟಿ ಹೇಳುವ ಹಾಗೆ ಹೇಳಿದಳು, ಅದೇ ರೆನಿಟಾಳ ಎದೆಗೆ ನಾಟಿತು. ಆರು ವರ್ಷ ತಾನು ಊರ ಹುಡುಗಿಯರಿಗೆಲ್ಲ ನಿಮ್ಮ ತಲೆ ಇರುವ ಹಾಗೇ ಚೆಂದ ಎಂದು ಬೋಧಿಸಿದ್ದು ಪಕ್ಕದಲ್ಲೇ ಬೀನ್ಸ್ ಮುರಿಯುತ್ತ ಕೂತ ತಾಯಿಗೆ ತಲುಪಿರಲಿಲ್ಲ. ಅವಳು ಅಳುವುದಿಲ್ಲ ಎಂದುಕೊಂಡರೂ ಕಣ್ಣು ಕೇಳಲಿಲ್ಲ.

"ನೀನು ಮೊದಲು ಅಲ್ಲಮ್ಮ," ಎಂದಳು. "ಯಾರ ಮೊದಲೂ ಅಲ್ಲ ನೀನು."

ಲುವೀನಿಯಾಳಿಗೆ ಮಗಳ ಅಳು ಅರ್ಥವಾಗಲಿಲ್ಲ. ಕೆಲಸ ಕೈತಪ್ಪುವ ಭಯಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಬೆನ್ನು ಸವರಿದಳು, ಮೂಗು ಒರೆಸಿಕೋ ಎಂದು ಬಟ್ಟೆ ಕೊಟ್ಟಳು. ಆಮೇಲೆ, ಅವರು ಕಳಿಸಿದ್ದಾರಲ್ಲ ಆ ಹಿಂದುಮುಂದಾದ ವಿಡಿಯೊ, ಅದನ್ನು ತೋರಿಸು, ಇಷ್ಟು ಅಳಿಸುವಂಥದ್ದು ಅದರಲ್ಲೇನಿದೆ ನೋಡೋಣ ಎಂದಳು. ರೆನಿಟಾ ಬೇಡವೆಂದಳು. ತಾಯಿ ಕೈ ಚಾಚಿಯೇ ಇದ್ದಳು. ಆ ಕೈಗೆ ಫೋನು ಕೊಡದೆ ಗೆದ್ದವರು ಆ ಮನೆಯಲ್ಲಿ ಯಾರೂ ಇಲ್ಲ.

ಲುವೀನಿಯಾ ಕನ್ನಡಕ ಏರಿಸಿ ತನ್ನನ್ನು ತಾನು ಮೊದಲ ಸಲ ನೋಡಿದಳು. ಜಗುಲಿಯ ಬಿಸಿಲಿನಲ್ಲಿ ಬಿಳಿ ಸುರುಳಿಗಳ ಹೆಂಗಸೊಬ್ಬಳು ಕನ್ನಡಿ ಹಿಡಿದು ಕೂತಿದ್ದಾಳೆ. ಅವಳ ಮುಖ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇದು ನಮ್ಮಪ್ಪನ ತಲೆ ಎನ್ನುತ್ತಾಳೆ, ಹಲ್ಲೆಲ್ಲ ಕಾಣುವಂತೆ ನಗುತ್ತಾಳೆ. ಆಮೇಲೆ ಕಂಪನಿಯವರ ಕ್ರೀಮಿನ ಡಬ್ಬಿ ಬಂದು ತಿರುಗುತ್ತದೆ, ಸಂಗೀತ ಏರುತ್ತದೆ, ಅದೇ ಹೆಂಗಸು ನೆಟ್ಟಗಿನ ಕೂದಲಿನಲ್ಲಿ ಅಡುಗೆಮನೆಯ ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದಾಳೆ. ಅಲ್ಲಿಗೆ ಮುಗಿಯುತ್ತದೆ.

ಅವಳು ಇನ್ನೊಮ್ಮೆ ಹಾಕಿಸಿಕೊಂಡಳು. ಮತ್ತೊಮ್ಮೆ ನೋಡಿದಳು. ಮೂರನೆಯ ಸಲ, ತಾನು ನಗುವಲ್ಲಿಗೆ ಬಂದಾಗ ಬೆರಳಿಟ್ಟು ನಿಲ್ಲಿಸಿದಳು.

"ನಾನು ಹೀಗೆ ನಕ್ಕಿದ್ನಾ?" ಎಂದು ಕೇಳಿದಳು.

ನಕ್ಕಿದ್ದೆ ಎಂದು ರೆನಿಟಾ ಹೇಳಿದಳು.

"ಈ ಕೊನೇಲಿ ಕೂತಿದಾಳಲ್ಲ, ಇವಳ್ಯಾರು? ಯಾರೋ ತೀರಿಕೊಂಡವರ ಮನೆಗೆ ಬಂದವಳ ಹಾಗಿದಾಳೆ."

"ಅದೂ ನೀನೇ ಅಮ್ಮ."

ಲುವೀನಿಯಾ ಫೋನನ್ನು ಮೇಜಿನ ಮೇಲೆ ಇಟ್ಟು ಚಹಾ ಕುಡಿದಳು. ಹಳೆಯ ಗುರುತಿನ ಚೀಟಿಗಳಲ್ಲಿ, ನಿವೃತ್ತಿಯ ದಿನದ ಫೋಟೋದಲ್ಲಿ, ಮದುವೆಯ ಫೋಟೋದಲ್ಲೂ ತಾನು ಆ ಕೊನೆಯವಳ ಹಾಗೇ ಕಾಣುತ್ತೇನಲ್ಲವೇ ಎಂದು ಕೇಳಿದಳು. ರೆನಿಟಾ ನಿಜವನ್ನೇ ಹೇಳಿದಳು. ಹೌದು ಎಂದಳು. ಲುವೀನಿಯಾ ತಲೆಯಾಡಿಸಿದಳು. ಆಮೇಲೆ ಹಳೆಯ ಬಸ್ಸಿನವಳು ಅವಳೊಳಗೆ ಎದ್ದು ಕೂತ ಹಾಗಾಯಿತು. ಆ ಮೆರೆಡಿತ್‌ಗೆ ಫೋನ್ ಹಚ್ಚು ಎಂದಳು.

ಮೊದಲು ರೆನಿಟಾಳೇ ಮಾತಾಡಿದಳು. ಹಿಂದು ಮುಂದು ಮಾಡಲು ತನ್ನ ಒಪ್ಪಿಗೆಯಿಲ್ಲ, ಕರಾರು ಹೋದರೆ ಹೋಗಲಿ ಎಂದಳು. ಮೆರೆಡಿತ್ ಬೇಸರಪಟ್ಟಳು, ಅರ್ಥವಾಗುತ್ತದೆ ಎಂದಳು, ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ಲುವೀನಿಯಾ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ತಾಯಿ, ನಾನು ಲುವೀನಿಯಾ. ಆ ತಲೆ ನಂದು. ನೀನು ಕೂದಲು ಎಷ್ಟುದ್ದ ಅಂತ ನೋಡ್ದೆ. ಮುಖ ನೋಡಿದ್ಯಾ?"

ಮೆರೆಡಿತ್ ಏನೋ ಹೇಳಹೊರಟಳು.

"ಇನ್ನೊಂದು ಸಲ ಹಾಕ್ಕೊಂಡು ನೋಡು, ನಾನು ಕಾಯ್ತೀನಿ. ನೀನು ಜೋಡಿಸಿರೋದ್ರಲ್ಲಿ ನಾನು ನಗ್ತಾ ನಗ್ತಾ ಬರ್ತೀನಿ. ನಿಮ್ಮ ಕ್ರೀಮ್ ಹಚ್ಕೊಂಡ ಮೇಲೆ ಹೆಣದ ಮುಂದೆ ಕೂತವಳ ಹಾಗೆ ಆಗ್ತೀನಿ. ಅಂಥ ಕ್ರೀಮ್ ಯಾರಮ್ಮ ತಗೋತಾರೆ? ನಂಗಂತೂ ಬೇಡ. ಆ ಮುಖ ಇಟ್ಕೊಂಡು ನಾನು ಎಪ್ಪತ್ತು ವರ್ಷ ಬದುಕಾಯ್ತು."

ಆ ಕಡೆಯಿಂದ ವಿಡಿಯೊದ ಸಂಗೀತ ಕೇಳಿಸಿತು. ಮೆರೆಡಿತ್ ನಿಜವಾಗಿಯೂ ಹಾಕಿಕೊಂಡು ನೋಡುತ್ತಿದ್ದಳು. ಕೊನೆಗೆ ಬಂದಾಗ ಅವಳಿಗೆ ತಡೆಯಲಾರದೆ ನಗು ಬಂತು, ಕೂಡಲೇ ಕ್ಷಮಿಸಿ ಎಂದಳು. ಲುವೀನಿಯಾ, ಕ್ಷಮೆ ಯಾಕೆ, ನಗುವ ಹಾಗೇ ಇದೆ ಎಂದಳು.

"ನಾವೆಲ್ಲ ಬರೀ ಕೂದಲು ನೋಡ್ತಾ ಇದ್ವಿ," ಎಂದಳು ಮೆರೆಡಿತ್. ಈ ಸಲ ಅವಳ ಧ್ವನಿಯಲ್ಲಿ ಬೆಣ್ಣೆ ಇರಲಿಲ್ಲ. "ಇಷ್ಟು ಜನ ಕೂತು, ಇಷ್ಟು ಸಲ ನೋಡಿ, ನಿಮ್ಮನ್ನ ಒಬ್ರೂ ನೋಡಿಲ್ಲ."

ಮಾತು ಕೊಡಲಾರೆ, ಮೇಲಿನವರ ಹತ್ತಿರ ಹೇಳಿ ನೋಡುತ್ತೇನೆ ಎಂದು ಅವಳು ಫೋನ್ ಇಟ್ಟಳು. ಕೈಗೆ ಬಂದ ತುತ್ತು ಹೋಯಿತೆಂದೇ ರೆನಿಟಾ ತಿಳಿದಳು. ಆದರೂ ಆ ಸಂಜೆ ಅವಳಿಗೆ ಹಸಿವಾಗಿತ್ತು. ತಾಯಿ ಮಗಳು ಕೂತು ಸೊಪ್ಪು, ಜೋಳದ ರೊಟ್ಟಿ, ಮೊನ್ನೆ ಉಳಿದ ಹಂದಿಮಾಂಸ ಎಲ್ಲವನ್ನೂ ಖಾಲಿ ಮಾಡಿದರು. ಊಟದ ನಡುವೆ ಲುವೀನಿಯಾ ತನ್ನ ಅಪ್ಪನ ಸುದ್ದಿ ತೆಗೆದಳು. ಪೀಚ್ ತೋಟದಲ್ಲಿ ಕೆಲಸ ಮಾಡುತ್ತಿದ್ದವನು, ಸಂಜೆ ಮನೆಗೆ ಬಂದರೆ ತಲೆಯ ಸುರುಳಿಗಳ ತುಂಬ ಹಣ್ಣಿನ ನವಿರು ಅಂಟಿರುತ್ತಿತ್ತಂತೆ, ಅದನ್ನು ಕೊಡವುವುದು ಮಕ್ಕಳ ಕೆಲಸವಂತೆ. ಇದನ್ನು ರೆನಿಟಾ ಹುಟ್ಟಿದಾಗಿನಿಂದ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಟೊನೆಟ್ ಕೂಡ ಕಂಪನಿಗೆ ಉತ್ತರ ಕೊಟ್ಟಳು. ಪರ್ಲೀನ್ ಅತ್ತೆ ಬರುತ್ತಾಳೆ, ಆದರೆ ಅವಳ ತಲೆಯೂ ಇದ್ದ ಕ್ರಮದಲ್ಲೇ ಬರುತ್ತದೆ, ಲೂ ಅಮ್ಮನನ್ನು ಬಿಟ್ಟು ಬರುವುದೂ ಇಲ್ಲ ಎಂದಳು. ಇದು ಇಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ, ತನ್ನಷ್ಟಕ್ಕೆ ಹೇಳಿ ಆಮೇಲೆ ನಿಯಮದಂತೆ ರೆನಿಟಾಳಿಗೆ ತಿಳಿಸಿದಳು. ಹೊಟ್ಟೆಯ ಬೆಂಕಿಯ ವಿಷಯ ರೆನಿಟಾ ಆಗ ಅವಳಿಗೆ ಹೇಳಿಬಿಟ್ಟಳು. ನಾನಾಗಿದ್ದರೆ ಪೀಚನ್ನು ಮುಖಕ್ಕೆ ಎಸೆಯುತ್ತಿದ್ದೆ ಎಂದು ಟೊನೆಟ್ ನಕ್ಕಳು.

ಮೆರೆಡಿತ್‌ಳ ಉತ್ತರ ಬಂದದ್ದು ಮುಂದಿನ ವಾರ, ರೆನಿಟಾ ಕ್ಲಿನಿಕ್ಕಿನ ಮೇಜಿನಲ್ಲಿ ಒಬ್ಬ ಮುದುಕನ ಕಟ್ಟಿಸಿದ ಹಲ್ಲಿನ ದೂರು ಕೇಳಿಸಿಕೊಳ್ಳುತ್ತಿದ್ದಾಗ. ಮುದುಕನನ್ನು ಕೂರಿಸಿ ಅವಳು ಹೊರಗೆ ಹೋಗಿ ಮಾತಾಡಿದಳು. ಮೇಲಿನವರಲ್ಲಿ ಒಬ್ಬ ಕೊನೆಯ ತನಕ ಗೊಣಗಿದನಂತೆ. ಮೆರೆಡಿತ್ ಅವನಿಗೆ ಎರಡು ಮುಖಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿದಳಂತೆ. ವರ್ಷದ ಕರಾರಿನಲ್ಲಿ ಎರಡು ಜೋಡಿಗೂ ಜಾಗ ಮಾಡಿದ್ದಾರೆ. ಸಂಭಾವನೆ ಎಲ್ಲರಿಗೆ ಕೊಡುವಷ್ಟೇ, ಒಂದು ಕಾಸು ಕಡಿಮೆಯಿಲ್ಲ. ರೆನಿಟಾ ಒಳಗೆ ಬಂದು ಮುದುಕನ ದೂರನ್ನು ಪೂರ್ತಿ ಕೇಳಿದಳು, ನಗುತ್ತ ಕೇಳಿದಳು, ಅವನಿಗೆ ತನ್ನ ಹಲ್ಲಿನ ಮೇಲೇ ಅನುಮಾನ ಬಂತು.

ಸಂಜೆ ಅವಳು ತಾಯಿಯ ಮನೆಗೆ ಬಂದಾಗ ಲುವೀನಿಯಾ ಜಗುಲಿಯಲ್ಲಿ ಕೂತು ಕಾಗದದ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಮಗಳ ನಡಿಗೆಯಿಂದಲೇ ಏನೋ ಆಗಿದೆಯೆಂದು ತಿಳಿದಳು, ಆದರೆ ಕೇಳಲಿಲ್ಲ. ಅವರು ಒಪ್ಪಿದರಮ್ಮ ಎಂದು ರೆನಿಟಾ ಹೇಳಿದಳು. ಲುವೀನಿಯಾ ವರ್ಷದ ಮಾತೆತ್ತಲಿಲ್ಲ, ದುಡ್ಡಿನ ಮಾತೆತ್ತಲಿಲ್ಲ. ಬೀಸಣಿಗೆ ನಿಲ್ಲಿಸಿ ಒಂದೇ ಕೇಳಿದಳು.

"ಯಾವ ಕಡೆಯಿಂದ?"

"ನೀನು ನಗೋದೇ ಕೊನೇಲಿ."

ಎದುರು ಮನೆಯ ಹೆಂಗಸು ಹೂಕುಂಡಗಳಿಗೆ ನೀರು ಹಾಕುತ್ತ ಕೈಬೀಸಿದಳು, ಲುವೀನಿಯಾಳೂ ಬೀಸಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಹಾಗಾದ್ರೆ ನಾಳೆ ಹೋಗಿ ಆ ಹಲ್ಲಿನ ಡಾಕ್ಟರಿಗೆ ಹೇಳ್ಬಿಡು," ಎಂದಳು. "ನಮ್ಮಮ್ಮಂಗೆ ಕೆಲಸ ಸಿಕ್ಕಿದೆ, ನನ್ನ ಕರ್ಕೊಂಡ್ ಹೋಗ್ತಿದಾಳೆ ಅಂತ."